ಒಟ್ಟಿಗೆ ಗೆದ್ದವರು ಎದುರಾಳಿಗಳಾದದ್ದು ಹೇಗೆ?

ಕಳೆದ ಸಂಚಿಕೆಯಲ್ಲಿ 1945ರ ಬರ್ಲಿನ್ ಪತನದ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ: ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೇ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡು ಮಹಾಶಕ್ತಿಗಳಾಗಿ ಎದ್ದು ನಿಂತದ್ದು ಹೇಗೆ, ನಿಂತ ಮೇಲೆ ಒಂದಕ್ಕೊಂದು ಎದುರಾದದ್ದು ಯಾಕೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪತ್ರಗಳೇ ಜಾಸ್ತಿ ಇವೆ. ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಾನು ಕೆಎಎಸ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1945ರಲ್ಲಿ ಕೈಕುಲುಕಿದವರು 1947ಕ್ಕೆ ಶತ್ರುಗಳಾದರು, ಕಾರಣ ಬಂಡವಾಳಶಾಹಿಗೂ ಕಮ್ಯುನಿಸಂಗೂ ಇರುವ ವಿರೋಧ ಎಂದು ನೋಟ್ಸ್‌ನಲ್ಲಿದೆ. ಆ ವಿರೋಧ 1917ರಿಂದಲೂ ಇತ್ತಲ್ಲ? ಹಾಗಾದರೆ 1945ರ ನಂತರವೇ ಯಾಕೆ? (ಪದವೀಧರ ಯುವಕ, ಕಲಬುರಗಿ)

ನಿಮ್ಮ ಅನುಮಾನ ಸರಿಯಾಗಿಯೇ ಇದೆ, ಅದನ್ನು ಬಿಡಬೇಡಿ. 1918ರಲ್ಲಿ ಅಮೆರಿಕ, ಬ್ರಿಟನ್, ಜಪಾನ್ ಸೈನ್ಯಗಳು ಬೊಲ್ಶೆವಿಕರ (1917ರ ಕ್ರಾಂತಿಯಲ್ಲಿ ಅಧಿಕಾರ ಹಿಡಿದ ರಷ್ಯದ ಕಮ್ಯುನಿಸ್ಟರು) ವಿರುದ್ಧ ರಷ್ಯದ ನೆಲಕ್ಕೇ ಇಳಿದಿದ್ದವು. ಸೋವಿಯತ್ ಸರ್ಕಾರಕ್ಕೆ ಅಮೆರಿಕ ಮಾನ್ಯತೆ ಕೊಟ್ಟದ್ದು 1933ರಲ್ಲಿ. ಅಂದರೆ ದ್ವೇಷ ಹಳೆಯದು. ಆದರೂ ಅಷ್ಟು ವರ್ಷ ಅವೆರಡೂ ಮುಖಾಮುಖಿ ನಿಲ್ಲಲಿಲ್ಲ. ನಡುವೆ ಜರ್ಮನಿ ಇತ್ತು, ಫ್ರಾನ್ಸ್ ಇತ್ತು, ಬ್ರಿಟನ್ನಿನ ಸಾಮ್ರಾಜ್ಯ ಇತ್ತು, ಪೂರ್ವದಲ್ಲಿ ಜಪಾನ್ ಇತ್ತು. 1945ರ ಹೊತ್ತಿಗೆ ನಡುವಿನವರೆಲ್ಲ ಬಿದ್ದರು. ಸೋತವರೂ ಬಿದ್ದರು, ಗೆದ್ದವರಲ್ಲೂ ಕೆಲವರು ಬಿದ್ದರು. ಗೆಲುವು ಎಷ್ಟು ದೊಡ್ಡದು ಎನ್ನುವುದಕ್ಕಿಂತ ನಡುವೆ ಎಷ್ಟು ಜಾಗ ಖಾಲಿಯಾಯಿತು ಎನ್ನುವುದನ್ನು ನೋಡಬೇಕು. ಕಾಲೇಜಿನಲ್ಲಿ ಪಾಠ ಮಾಡಿದಷ್ಟೂ ಕಾಲ ನಾನು ಹೇಳಿಕೊಂಡು ಬಂದದ್ದು ಇದನ್ನೇ.

1945ರ ಏಪ್ರಿಲ್ 25ರಂದು ಜರ್ಮನಿಯ ಟೋರ್ಗಾವ್ ಪಟ್ಟಣದ ಬಳಿ, ಎಲ್ಬೆ ನದಿಯ ದಡದಲ್ಲಿ, ಪಶ್ಚಿಮದಿಂದ ಬಂದ ಅಮೆರಿಕದ ಸೈನಿಕರೂ ಪೂರ್ವದಿಂದ ಬಂದ ಸೋವಿಯತ್ ಸೈನಿಕರೂ ಭೇಟಿಯಾಗಿ ಕೈಕುಲುಕಿದರು. ಸಂತೋಷದ ಗಳಿಗೆ ಹೌದು. ಆದರೆ ನಕಾಶೆ ಬಿಡಿಸಿ ನೋಡಿ. ಯುರೋಪಿನ ನಟ್ಟನಡುವೆ, ಯಾವ ದೇಶದ ಸರ್ಕಾರವೂ ಉಳಿಯದ ನೆಲದ ಮೇಲೆ, ಹೊರಗಿನ ಎರಡು ಸೈನ್ಯಗಳು ಎದುರುಬದುರು ನಿಂತಿವೆ. ಮುಂದಿನ ನಲವತ್ತು ವರ್ಷ ಯುರೋಪನ್ನು ಸೀಳಿದ ಗೆರೆ ಹೆಚ್ಚುಕಡಿಮೆ ಆ ಸೈನ್ಯಗಳು ನಿಂತ ಜಾಗದ ಆಸುಪಾಸಿನಲ್ಲೇ ಹಾದುಹೋಯಿತು. ಯಾರ ಸೈನ್ಯ ಎಲ್ಲಿಯವರೆಗೆ ತಲುಪುತ್ತದೋ ಅಲ್ಲಿಯವರೆಗೆ ಅವರವರ ವ್ಯವಸ್ಥೆ ಬರುತ್ತದೆ ಎಂದು ಸೋವಿಯತ್ ನಾಯಕ ಸ್ಟಾಲಿನ್ ತಮ್ಮ ಮುಂದೆ ಹೇಳಿದ್ದಾಗಿ ಯುಗೊಸ್ಲಾವಿಯಾದ ನಾಯಕ ಮಿಲೊವಾನ್ ಜಿಲಾಸ್ ದಾಖಲಿಸಿದ್ದಾರೆ. ಪೋಲೆಂಡ್, ಹಂಗೇರಿ, ರುಮೇನಿಯಾ, ಬಲ್ಗೇರಿಯಾಗಳಲ್ಲಿ ಆದದ್ದು ಅದೇ.

ಈಗ ಇಬ್ಬರ ಸ್ಥಿತಿ ನೋಡಿ. ಅಮೆರಿಕದ ಮುಖ್ಯ ಭೂಭಾಗದ ಒಂದು ಕಾರ್ಖಾನೆಯೂ ಬಾಂಬಿಗೆ ಸಿಕ್ಕಿರಲಿಲ್ಲ. ಯುದ್ಧಕಾಲದಲ್ಲಿ ಅದು ತಯಾರಿಸಿದ ವಿಮಾನಗಳೇ ಸುಮಾರು 3 ಲಕ್ಷ. 1930ರ ದಶಕದಲ್ಲಿ ಕೆಲಸವಿಲ್ಲದೆ ಸಾಲು ನಿಂತಿದ್ದ ದೇಶದಲ್ಲಿ 1944ಕ್ಕೆ ನಿರುದ್ಯೋಗ ಶೇಕಡ 2ಕ್ಕಿಂತ ಕೆಳಗಿಳಿದಿತ್ತು. ಯುದ್ಧ ಮುಗಿದಾಗ ಜಗತ್ತಿನ ಕೈಗಾರಿಕಾ ಉತ್ಪಾದನೆಯ ಅರ್ಧದಷ್ಟು ಅದೊಂದೇ ದೇಶದ್ದು. ಸತ್ತ ಸೈನಿಕರು ಸುಮಾರು 4 ಲಕ್ಷ.

ಸೋವಿಯತ್ ಒಕ್ಕೂಟದಲ್ಲಿ ಸತ್ತವರು ಸುಮಾರು 2 ಕೋಟಿ 70 ಲಕ್ಷ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯ ಜನ. ಸಂಖ್ಯೆಯನ್ನು ಓದಿ ಮುಂದಕ್ಕೆ ಹೋಗಿಬಿಡಬೇಡಿ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳೂ ಜಿಲ್ಲೆಗಳ ಇಂದಿನ ಜನರನ್ನೆಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ. ಸೋವಿಯತ್ ಸರ್ಕಾರದ ಲೆಕ್ಕದಲ್ಲಿ 1,710 ಪಟ್ಟಣಗಳೂ 70,000ಕ್ಕೂ ಹೆಚ್ಚು ಹಳ್ಳಿಗಳೂ ನಾಶವಾಗಿದ್ದವು. 1946–47ರಲ್ಲಿ ಅಲ್ಲಿ ಬರ ಬಿದ್ದು ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಹಾಗಿದ್ದರೂ ಅದು ಮಹಾಶಕ್ತಿ ಹೇಗಾಯಿತು? ಜರ್ಮನ್ ಸೈನ್ಯದ ಬೆನ್ನೆಲುಬು ಮುರಿದದ್ದು ಅದರ ಸೈನ್ಯ, ಆ ಸೈನ್ಯ ಅರ್ಧ ಯುರೋಪಿನಲ್ಲಿ ನಿಂತಿತ್ತು, ಅದನ್ನು ತಡೆಯಬಲ್ಲ ಇನ್ನೊಂದು ಸೈನ್ಯ ಆ ಖಂಡದಲ್ಲಿ ಉಳಿದಿರಲಿಲ್ಲ. ಸಂಪತ್ತಿನಲ್ಲಿ ಅದು ಅಮೆರಿಕಕ್ಕೆ ಯಾವತ್ತೂ ಸಮನಾಗಲಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ, ಜನರ ಅನ್ನ ವಸತಿಗಳಿಗೆ ಹೋಗಬೇಕಾದ್ದನ್ನೆಲ್ಲ ಉಕ್ಕಿಗೆ, ಟ್ಯಾಂಕಿಗೆ, ಬಾಂಬಿಗೆ ಸುರಿದು ಸರಿಸಮ ನಿಂತಿತು.

ಒಂದೇ ಯುದ್ಧ ಇಬ್ಬರಿಗೂ ಬೇರೆ ಬೇರೆ ಪಾಠ ಕಲಿಸಿತ್ತು ಎನ್ನುವುದನ್ನು ಪರೀಕ್ಷೆಯಲ್ಲಿ ಬರೆಯಿರಿ, ಅಂಕ ಸಿಗಲಿ ಬಿಡಲಿ. ರಷ್ಯದವರ ನೆನಪಿನಲ್ಲಿ ಪಶ್ಚಿಮದ ಬಯಲು ಅಂದರೆ ದಂಡು ಬರುವ ದಾರಿ. 1812ರಲ್ಲಿ ನೆಪೋಲಿಯನ್ ಬಂದ, 1914ರಲ್ಲಿ ಜರ್ಮನಿಯ ಕೈಸರನ ಜೊತೆ ಯುದ್ಧ, 1941ರಲ್ಲಿ ಹಿಟ್ಲರ್. ಹಾಗಾಗಿ ನಡುವಿನ ದೇಶಗಳಲ್ಲಿ ತನ್ನ ಮಾತು ಕೇಳುವ ಸರ್ಕಾರವೇ ಇರಬೇಕು, ಜರ್ಮನಿ ಇನ್ನೆಂದೂ ಏಳಬಾರದು ಎಂಬುದು ಸ್ಟಾಲಿನ್ ಹಟ. ಅಮೆರಿಕ ಕಲಿತ ಪಾಠ ಬೇರೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯನ್ನು ಬಡತನಕ್ಕೆ ತಳ್ಳಿ, ವ್ಯಾಪಾರದ ಬಾಗಿಲು ಮುಚ್ಚಿದ್ದಕ್ಕೇ ಹಿಟ್ಲರ್ ತಲೆಯೆತ್ತಿದ. ಆದ್ದರಿಂದ ಜರ್ಮನಿಯ ಕಾರ್ಖಾನೆಗಳು ಮತ್ತೆ ಓಡಬೇಕು, ಯುರೋಪಿನ ಮಾರುಕಟ್ಟೆ ತೆರೆದಿರಬೇಕು. ಒಬ್ಬರಿಗೆ ರಕ್ಷಣೆ ಅನ್ನಿಸಿದ್ದು ಇನ್ನೊಬ್ಬರಿಗೆ ಆಕ್ರಮಣದಂತೆ ಕಂಡಿತು. ಆದರೆ ಪೋಲೆಂಡಿನ ಜನರಿಗೆ ಮುಕ್ತ ಚುನಾವಣೆಯ ಮಾತು ಕೊಟ್ಟು ಸ್ಟಾಲಿನ್ ಅದನ್ನು ಮುರಿದದ್ದಕ್ಕೆ ಈ ಭಯ ಸಮಜಾಯಿಷಿ ಆಗುವುದಿಲ್ಲ. ಆ ನೋವು ಅನುಭವಿಸಿದವರು ಪೋಲೆಂಡಿನವರು, ಅವರಿಗೆ ಮಾಸ್ಕೋದ ಭಯ ಕಟ್ಟಿಕೊಂಡು ಏನಾಗಬೇಕಿತ್ತು?

ಇದರ ನಡುವೆ ಬಾಂಬು ಬಂತು. 1945ರ ಜುಲೈ 16ರಂದು ಅಮೆರಿಕ ಮೊದಲ ಅಣುಪರೀಕ್ಷೆ ನಡೆಸಿತು. ಮರುದಿನ ಪಾಟ್ಸ್‌ಡ್ಯಾಮ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ಬ್ರಿಟನ್ನಿನ ಪ್ರಧಾನಿ ಚರ್ಚಿಲ್, ಸ್ಟಾಲಿನ್ ಸಭೆ ಶುರು. ಅಸಾಧಾರಣ ಶಕ್ತಿಯ ಹೊಸ ಅಸ್ತ್ರವೊಂದು ಸಿಕ್ಕಿದೆ ಎಂದು ಟ್ರೂಮನ್ 24ರಂದು ಸ್ಟಾಲಿನ್‌ಗೆ ಮೆಲ್ಲಗೆ ತಿಳಿಸಿದರು. ಗೂಢಚಾರರ ಮೂಲಕ ಸ್ಟಾಲಿನ್‌ಗೆ ಸುದ್ದಿ ಮೊದಲೇ ತಲುಪಿತ್ತು. ಗೆಳೆಯನಿಂದ ಮುಚ್ಚಿಟ್ಟದ್ದು ಒಬ್ಬರ ಕೆಲಸ, ಗೆಳೆಯನ ಮನೆಗೆ ಬೇಹುಗಾರರನ್ನು ಕಳಿಸಿದ್ದು ಇನ್ನೊಬ್ಬರ ಕೆಲಸ. 1949ರ ಆಗಸ್ಟ್ 29ರಂದು ಸೋವಿಯತ್ ಬಾಂಬೂ ಸಿಡಿಯಿತು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ಬ್ರಿಟನ್ ಕೂಡ ಯುದ್ಧ ಗೆದ್ದಿತ್ತು, ಸಾಮ್ರಾಜ್ಯವೂ ಇತ್ತು. ಅದು ಯಾಕೆ ಮೂರನೇ ಮಹಾಶಕ್ತಿ ಆಗಲಿಲ್ಲ? (ಯಾದಗಿರಿ)

ಆಗುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರಮ್ಮ. 1944ರಲ್ಲಿ ಅಮೆರಿಕದ ವಿದ್ವಾಂಸ ವಿಲಿಯಂ ಫಾಕ್ಸ್ ಮಹಾಶಕ್ತಿಗಳನ್ನು ಎಣಿಸಿದಾಗ ಬ್ರಿಟನ್ನನ್ನೂ ಸೇರಿಸಿ ಮೂರು ಎಂದಿದ್ದರು. ಮೂರೇ ವರ್ಷದಲ್ಲಿ ಆ ಲೆಕ್ಕ ತಪ್ಪಾಯಿತು.

ಬ್ರಿಟನ್ ಗೆದ್ದದ್ದು ಸಾಲ ಮಾಡಿ. ಅಮೆರಿಕದಿಂದ ಲೆಂಡ್-ಲೀಸ್ ಎಂಬ ಯುದ್ಧಸಾಮಗ್ರಿಯ ನೆರವು ಬರುತ್ತಿತ್ತು, ಜಪಾನ್ ಶರಣಾದ ಕೂಡಲೇ ಅದು ನಿಂತಿತು. 1946ರಲ್ಲಿ 375 ಕೋಟಿ ಡಾಲರ್ ಹೊಸ ಸಾಲ ತಂದರು. ಅದರ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರಿನಲ್ಲಿ. ಯುದ್ಧಕಾಲದಲ್ಲಿ ಮುಕ್ತವಾಗಿ ಸಿಗುತ್ತಿದ್ದ ಬ್ರೆಡ್ಡಿಗೂ 1946ರ ಜುಲೈನಿಂದ ಎರಡು ವರ್ಷ ರೇಷನ್ ಹಾಕಬೇಕಾಯಿತು. ಗೆದ್ದ ದೇಶದ ಪಾಡು ಅದು.

ನಮಗೂ ಅದು ಸಾಲಗಾರ. ಭಾರತದ 25 ಲಕ್ಷ ಜನ ಆ ಯುದ್ಧದಲ್ಲಿ ಸೈನ್ಯ ಸೇರಿದ್ದರು, 87,000ದಷ್ಟು ಮಂದಿ ಸತ್ತರು. ಇಲ್ಲಿಂದ ಹೋದ ದವಸ, ಬಟ್ಟೆ, ಸೈನ್ಯದ ಖರ್ಚು ಎಲ್ಲವನ್ನೂ ಬ್ರಿಟನ್ ಲೆಕ್ಕದಲ್ಲಿ ಬರೆದಿಡುತ್ತ ಹೋಯಿತು, ಕೊನೆಗೆ ಭಾರತಕ್ಕೆ ಕೊಡಬೇಕಾದದ್ದು ಸುಮಾರು 130 ಕೋಟಿ ಪೌಂಡ್ ಆಯಿತು. ನಾವು ಆಗ ನಿಜಾಮರ ಪ್ರಜೆಗಳು. ನಿಜಾಮರು ಕೊಟ್ಟ ಹಣದ ಗುರುತಿಗೆ ಬ್ರಿಟಿಷ್ ವಾಯುಪಡೆಯ 152ನೇ ಸ್ಕ್ವಾಡ್ರನ್‌ಗೆ ‘ಹೈದರಾಬಾದ್’ ಎಂಬ ಹೆಸರೇ ಇತ್ತು, ಅದರ ಸ್ಪಿಟ್‌ಫೈರ್ ವಿಮಾನಗಳು 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನರ ವಿರುದ್ಧ ಕಾದಾಡಿದವು. ನಮ್ಮ ಭಾಗದ ರೈತರು ಕಟ್ಟಿದ ಕಂದಾಯವೂ ಆ ಖಜಾನೆಯಲ್ಲೇ ಇತ್ತಲ್ಲವೇ?

ಹಣದ ವಿಚಾರ ಬಂದದ್ದರಿಂದ ಬ್ರೆಟನ್ ವುಡ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. 1944ರ ಜುಲೈನಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 44 ದೇಶಗಳವರು ಅಮೆರಿಕದ ಆ ಊರಿನಲ್ಲಿ ಸೇರಿದರು. ಭಾರತದ ತಂಡದಲ್ಲಿ ಸಿ.ಡಿ. ದೇಶಮುಖ್ ಮತ್ತು ಆರ್.ಕೆ. ಷಣ್ಮುಖಂ ಚೆಟ್ಟಿ ಇದ್ದರು. ಉಳಿದ ನಾಣ್ಯಗಳ ಬೆಲೆ ಡಾಲರಿಗೆ ಅಂಟಿರಬೇಕು, ಡಾಲರಿನ ಬೆಲೆ ಚಿನ್ನಕ್ಕೆ, ಒಂದು ಔನ್ಸಿಗೆ 35 ಡಾಲರ್ ಎಂದು ಅಲ್ಲಿ ತೀರ್ಮಾನವಾಯಿತು. ನಿಮ್ಮ ಮನೆಯಲ್ಲಿ ಮುತ್ತ್ಯಾ ಇದ್ದರೆ ಹಾಲಿ ಸಿಕ್ಕಾ, ಕಲ್ದಾರ್ ರೂಪಾಯಿ ಬಗ್ಗೆ ಕೇಳು. ನಿಜಾಮರ ಹಾಲಿ ಸಿಕ್ಕಾ ಹೈದರಾಬಾದ್ ಸಂಸ್ಥಾನದೊಳಗೆ ಮಾತ್ರ ನಡೆಯುತ್ತಿತ್ತು. ಸೊಲ್ಲಾಪುರದ ಸಂತೆಗೆ ಹೋಗಬೇಕಾದರೆ ಬ್ರಿಟಿಷರ ಕಲ್ದಾರ್ ಬೇಕು, ಬದಲಾಯಿಸುವಾಗ ಬಟ್ಟಾ (ವಿನಿಮಯದ ಕಡಿತ) ಕೊಡಬೇಕು. ಬ್ರೆಟನ್ ವುಡ್ಸ್ ನಂತರ ಡಾಲರ್ ಇಡೀ ಜಗತ್ತಿನ ಕಲ್ದಾರ್ ಆಯಿತು, ಪೌಂಡು ಹಾಲಿ ಸಿಕ್ಕಾದ ಮಟ್ಟಕ್ಕೆ ಜಾರತೊಡಗಿತು. ಸೋವಿಯತ್ ಪ್ರತಿನಿಧಿಗಳು ಸಭೆಗೆ ಬಂದಿದ್ದರು, ಒಪ್ಪಂದಕ್ಕೆ ಮಾತ್ರ ಕೊನೆಗೂ ಸೇರಲಿಲ್ಲ. ಎರಡು ಬಣಗಳು ಹೀಗೆ ಹಣದ ಲೋಕದಲ್ಲಿ ಬಂದೂಕಿಗಿಂತ ಮೊದಲೇ ಬೇರೆಯಾಗಿದ್ದವು.

1947ರ ಫೆಬ್ರುವರಿಯ ಎರಡು ದಿನಗಳನ್ನು ನೆನಪಿಟ್ಟುಕೋ. 20ರಂದು ಪ್ರಧಾನಿ ಅಟ್ಲಿ, 1948ರ ಜೂನ್ ಒಳಗೆ ಭಾರತ ಬಿಡುತ್ತೇವೆ ಎಂದು ಲಂಡನ್ನಿನಲ್ಲಿ ಘೋಷಿಸಿದರು. 21ರಂದು ಬ್ರಿಟನ್ನಿನ ರಾಯಭಾರ ಕಚೇರಿ ವಾಷಿಂಗ್ಟನ್‌ಗೆ, ಗ್ರೀಸ್ ಮತ್ತು ಟರ್ಕಿಗೆ ಇನ್ನು ಹಣ ಕೊಡಲು ನಮ್ಮಿಂದ ಆಗದು ಎಂದು ತಿಳಿಸಿತು. ನಾವು ಸ್ವಾತಂತ್ರ್ಯ ಚಳವಳಿಯ ಅಧ್ಯಾಯದಲ್ಲಿ ಮೊದಲನೆಯದನ್ನು ಓದುತ್ತೇವೆ, ಶೀತಲ ಸಮರದ ಅಧ್ಯಾಯದಲ್ಲಿ ಎರಡನೆಯದನ್ನು. ಬರಿದಾದ ಖಜಾನೆ ಎರಡರ ಹಿಂದೆಯೂ ಇತ್ತು. (ಮೊದಲನೆಯದರ ಹಿಂದೆ ನಮ್ಮ ಜನರ ಹೋರಾಟವೂ, 1946ರ ನೌಕಾದಂಗೆಯೂ ಇದ್ದವು ಎನ್ನುವುದನ್ನು ಬಿಡುವ ಹಾಗಿಲ್ಲ.) ಬ್ರಿಟನ್ ಕೈಬಿಟ್ಟದ್ದನ್ನು ಅಮೆರಿಕ ಎತ್ತಿಕೊಂಡಿತು. ಮಾರ್ಚ್ 12ರಂದು ಟ್ರೂಮನ್ 40 ಕೋಟಿ ಡಾಲರ್ ನೆರವು ಕೇಳಿ ಸಂಸತ್ತಿನ ಮುಂದೆ ಮಾತಾಡಿದರು, ಜೂನ್ 5ರಂದು ಅಮೆರಿಕದ ವಿದೇಶಾಂಗ ಸಚಿವ ಮಾರ್ಷಲ್ ಯುರೋಪನ್ನು ಮತ್ತೆ ಕಟ್ಟುವ ತಮ್ಮ ಯೋಜನೆಯ ಮಾತು ಎತ್ತಿದರು. 16 ದೇಶಗಳಿಗೆ ಸುಮಾರು 1,300 ಕೋಟಿ ಡಾಲರ್ ಹರಿಯಿತು. ಆ ಹಣ ಸೋವಿಯತ್ ಬಣಕ್ಕೂ ಬಾಯಿಮಾತಿನಲ್ಲಿ ತೆರೆದಿತ್ತು. ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್ ಪ್ಯಾರಿಸ್ ಮಾತುಕತೆಯಿಂದ ಎದ್ದುಹೋದರು, ಒಪ್ಪಿಕೊಂಡಿದ್ದ ಜೆಕೊಸ್ಲೊವಾಕಿಯಾ ಮಾಸ್ಕೋದ ಒತ್ತಡಕ್ಕೆ ಹಿಂದೆ ಸರಿಯಿತು. ನನ್ನನ್ನು ಕೇಳಿದರೆ ಯುರೋಪು ಎರಡಾದದ್ದು ಆ ವಾರಗಳಲ್ಲೇ.

ಪ್ರಶ್ನೆ: ರಕ್ಕಸಗಿ-ತಂಗಡಗಿ ಯುದ್ಧದಲ್ಲೂ ಬಿಜಾಪುರ, ಅಹಮದನಗರ, ಗೋಲ್ಕೊಂಡ, ನಮ್ಮ ಬೀದರ್ ಒಂದಾಗಿ ವಿಜಯನಗರವನ್ನು ಸೋಲಿಸಿ ಆಮೇಲೆ ತಮ್ಮತಮ್ಮಲ್ಲೇ ಹೊಡೆದಾಡಿದವು. ಇದೂ ಅದೇ ಅಲ್ಲವೇ? (ನಿವೃತ್ತ ಉದ್ಯೋಗಿ, ಬೀದರ್)

ಅರ್ಧ ಮಾತ್ರ ಅದೇ, ಸರ್. 1565ರ ಜನವರಿಗೆ ಮುಂಚೆ ಅವರು ಗೆಳೆಯರಾಗಿರಲಿಲ್ಲ. ಸೊಲ್ಲಾಪುರದ ಕೋಟೆಗಾಗಿ ಬಿಜಾಪುರವೂ ಅಹಮದನಗರವೂ ಎಷ್ಟೋ ಸಲ ಕಾದಾಡಿದ್ದವು, ಆ ಜಗಳದಲ್ಲಿ ಅಳಿಯ ರಾಮರಾಯ ಒಮ್ಮೆ ಇವರ ಪರ, ಒಮ್ಮೆ ಅವರ ಪರ ನಿಂತಿದ್ದ. ಅಹಮದನಗರದ ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಷಾಗೆ ಕೊಟ್ಟು, ಸೊಲ್ಲಾಪುರವನ್ನು ವರದಕ್ಷಿಣೆಯಾಗಿ ಬಿಟ್ಟು ಮೈತ್ರಿ ಕುದುರಿಸಿದರು. ರಾಮರಾಯ ಬಿದ್ದ ಮೇಲೆ ಆ ಮೈತ್ರಿಗೆ ಕೆಲಸ ಉಳಿಯಲಿಲ್ಲ. 1574ರಲ್ಲಿ ಅಹಮದನಗರ ಬೀರಾರನ್ನು ನುಂಗಿತು, 1619ರಲ್ಲಿ ಬಿಜಾಪುರ ನಿಮ್ಮ ಬೀದರನ್ನು ನುಂಗಿತು. ಶತ್ರು ಇರುವಷ್ಟು ದಿನ ಮಾತ್ರ ಮೈತ್ರಿ ಎಂಬಲ್ಲಿಯವರೆಗೆ ನಿಮ್ಮ ಹೋಲಿಕೆ ನಿಲ್ಲುತ್ತದೆ.

ಆದರೆ ದಖನ್ನಿನಲ್ಲಿ ಎರಡು ಮಹಾಶಕ್ತಿಗಳು ಉಳಿಯಲಿಲ್ಲ. ಯಾರೂ ಉಳಿದವರನ್ನು ಮೀರಿಸುವಷ್ಟು ದೊಡ್ಡವರಿರಲಿಲ್ಲ, ಹೊರಗೆ, ಉತ್ತರದಲ್ಲಿ, ಮೊಘಲರು ದಣಿಯದೆ ಕಾದಿದ್ದರು. ಔರಂಗಜೇಬ ರಾಜಕುಮಾರನಾಗಿದ್ದಾಗಲೇ, 1657ರಲ್ಲಿ, ಬೀದರ್ ಕೋಟೆ ಹಿಡಿದ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಅವನ ಕೈಸೇರಿದವು. ಖಾಲಿಯಾದ ಜಾಗವನ್ನು ಹೊರಗಿನವರು ತುಂಬಿದರು. 1945ರಲ್ಲಿ ಹಾಗೆ ಹೊರಗೆ ಕಾದು ಕುಳಿತವರೇ ಇರಲಿಲ್ಲ, ಇಡೀ ಭೂಮಿಯೇ ಯುದ್ಧಕ್ಕೆ ಇಳಿದಿತ್ತು. ಮಿಕ್ಕವರು ಇಬ್ಬರೇ ಆದ್ದರಿಂದ ಪ್ರತಿ ಮೂಲೆಯ ಜಗಳವೂ ಆ ಇಬ್ಬರ ಜಗಳವಾಯಿತು.

ಪ್ರಶ್ನೆ: ಮೊದಲನೇ ಮಹಾಯುದ್ಧದ ನಂತರ ಇದೇ ಜೋಡಿ ಯಾಕೆ ಮೇಲೇಳಲಿಲ್ಲ? (ಶಿಕ್ಷಕಿ, ಹುಮನಾಬಾದ್)

ಇಬ್ಬರೂ ಆಗ ಅಖಾಡಕ್ಕೆ ಇಳಿಯಲಿಲ್ಲ. ರಷ್ಯ ಕ್ರಾಂತಿ, ಅಂತರ್ಯುದ್ಧ, ಬರಗಾಲಗಳಲ್ಲಿ ಸಿಕ್ಕಿತ್ತು. ಅಮೆರಿಕಕ್ಕೆ ಶಕ್ತಿ ಇತ್ತು, ಮನಸ್ಸಿರಲಿಲ್ಲ: ಜರ್ಮನಿಯೊಡನೆ ಯುದ್ಧ ಮುಗಿಸಿದ ವರ್ಸೇಲ್ಸ್ ಒಪ್ಪಂದವನ್ನು ಅದರ ಸೆನೆಟ್ 1919ರಲ್ಲೂ 1920ರಲ್ಲೂ ತಿರಸ್ಕರಿಸಿತು, ತಾನೇ ಸೂಚಿಸಿದ ರಾಷ್ಟ್ರಸಂಘಕ್ಕೂ ಸೇರಲಿಲ್ಲ. ಬ್ರಿಟನ್, ಫ್ರಾನ್ಸ್ ಒಳಗೊಳಗೇ ಸವೆದಿದ್ದರೂ ಯಜಮಾನರಂತೆ ಮುಂದುವರಿದವು. ತರಗತಿಯಲ್ಲಿ ಮಕ್ಕಳಿಗೆ ಹೇಳುವಾಗ 1815ನ್ನೂ ಜೊತೆಗಿಡಿ. ನೆಪೋಲಿಯನ್ ಸೋತ ಮೇಲೆ ಮೇಲೆದ್ದ ಬ್ರಿಟನ್ ಮತ್ತು ರಷ್ಯ ಮುಂದೆ ಹಲವು ದಶಕ ಮಧ್ಯ ಏಷ್ಯಾದಲ್ಲಿ ಪರಸ್ಪರ ಗುಮಾನಿಯಲ್ಲೇ ಕಳೆದವು, ಅಫ್ಘಾನಿಸ್ತಾನದ ಮೇಲೆ ಬ್ರಿಟಿಷರು ದಂಡೆತ್ತಿ ಹೋದದ್ದಕ್ಕೆ ಆ ಗುಮಾನಿಯೇ ಕಾರಣ.

ಪ್ರಶ್ನೆ: ಅಕ್ಕೋರಿಗೆ ಶರಣು. ಎಂಬತ್ತು ದಾಟೀನಿ, ತೊಗರಿ ಬೆಳೀತೀವಿ. ಮೊಮ್ಮಗಳು ನಿಮ್ಮ ಅಂಕಣ ಓದಿ ಹೇಳ್ತಾಳ. ಪೊಲೀಸ್ ಆ್ಯಕ್ಷನ್ ಟೈಮಿನಾಗ ಸಣ್ಣಾಂವ ಇದ್ದೆ. ಆ ದೊಡ್ಡ ದೇಶದವರ ಜಗಳ ನಮ್ಮ ಕಡೀಗೆ ಬಂದಿತ್ತೇನು? (ಸೇಡಂ ತಾಲ್ಲೂಕು)

ಶರಣು ಕಾಕಾ. ಬಂದಿತ್ತು. ನೀವು ಹೇಳುವ ಆ ಸೆಪ್ಟೆಂಬರ್ ದಿನಗಳಲ್ಲೇ ಬಂದಿತ್ತು.

1948ರ ಆಗಸ್ಟ್‌ನಲ್ಲಿ ನಿಜಾಮರ ಸರ್ಕಾರ ವಿಶ್ವಸಂಸ್ಥೆಗೆ ಭಾರತದ ಮೇಲೆ ದೂರು ಕೊಟ್ಟಿತು. ಭಾರತದ ಸೈನ್ಯ ಸೆಪ್ಟೆಂಬರ್ 13ರಂದು ಸಂಸ್ಥಾನದೊಳಗೆ ಬಂತು. 16ರಂದು ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿ ಸೇರಿ ಹೈದರಾಬಾದಿನ ವಿಷಯ ಕೈಗೆತ್ತಿಕೊಂಡಿತು. ಭಾರತದ ಪರ ಮಾತಾಡಿದವರು ಮೈಸೂರಿನ ದಿವಾನರಾಗಿದ್ದ ರಾಮಸ್ವಾಮಿ ಮುದಲಿಯಾರ್. ಚರ್ಚೆಗೆ ತೆಗೆದುಕೊಳ್ಳಬೇಕೇ ಎಂಬ ಮತದಾನದಲ್ಲಿ ಸೋವಿಯತ್ ಒಕ್ಕೂಟ ಯಾರ ಪರವೂ ಕೈ ಎತ್ತಲಿಲ್ಲ. ಮರುದಿನವೇ ನಿಜಾಮರು ಶರಣಾಗತಿ ಸಾರಿದರು, ಕೆಲ ದಿನಗಳಲ್ಲಿ ದೂರನ್ನು ವಾಪಸ್ ಪಡೆಯುವುದಾಗಿ ತಿಳಿಸಿದರು.

ಅದೇ ಹೊತ್ತಿಗೆ ಬರ್ಲಿನ್ ನಗರದ ಪಶ್ಚಿಮ ಭಾಗಕ್ಕೆ ಹೋಗುವ ದಾರಿಗಳನ್ನು ಸೋವಿಯತ್ ಸೈನ್ಯ ಮುಚ್ಚಿ ಮೂರು ತಿಂಗಳಾಗಿತ್ತು. ಅಮೆರಿಕ, ಬ್ರಿಟನ್ ವಿಮಾನಗಳು ಹಗಲುರಾತ್ರಿ ಹಿಟ್ಟು, ಕಲ್ಲಿದ್ದಲು ಹೊತ್ತು ಹಾರುತ್ತಿದ್ದವು. 1948ರ ಜೂನ್‌ನಿಂದ 1949ರ ಮೇವರೆಗೆ ದಿಗ್ಬಂಧನ ನಡೆಯಿತು. ಒಟ್ಟು 2 ಲಕ್ಷ 70 ಸಾವಿರಕ್ಕೂ ಹೆಚ್ಚು ಹಾರಾಟ, ಸುಮಾರು 23 ಲಕ್ಷ ಟನ್ ಸಾಮಾನು. ಹೈದರಾಬಾದಿನ ದೂರು ಕೇಳಿದ ಮಂಡಳಿಯ ಮುಂದೆಯೇ ಕೆಲವು ದಿನಗಳ ನಂತರ ಬರ್ಲಿನ್ ವಿಷಯವೂ ಬಂತು. ದೊಡ್ಡವರ ಕಣ್ಣು ಬರ್ಲಿನ್ ಮೇಲಿತ್ತು. ನಮ್ಮ ವಿಷಯ ಅವರ ಜಗಳದ ಕಡತವಾಗಿ ಬೆಳೆಯದೆ ಉಳಿದದ್ದಕ್ಕೆ ಅದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಕಾಶ್ಮೀರದ ಕಡತಕ್ಕೆ ಆ ಭಾಗ್ಯ ಸಿಗಲಿಲ್ಲ.

ನಮ್ಮಪ್ಪ ಶಹಾಬಾದಿನ ಕಲ್ಲಿನ ಖಣಿಯೊಂದರಲ್ಲಿ ಮುನೀಮರಾಗಿದ್ದರು, ಕಲಿತದ್ದು ಉರ್ದು ಶಾಲೆಯಲ್ಲಿ. ಖಣಿಯ ಕೆಲಸಗಾರರಿಗೆ ಉರ್ದು ಪತ್ರಿಕೆ ಓದಿ ಹೇಳುವುದು ಅವರ ಪಾಲಿಗೆ ಬಂದಿತ್ತು. ಆ ದಿನಗಳಲ್ಲಿ ಇಲ್ಲಿ ಎರಡೂ ಕಡೆಯ ಎಷ್ಟು ಜೀವ ಹೋದವು, ಯಾವ ಓಣಿಯ ಬಾಗಿಲುಗಳು ಮತ್ತೆ ತೆರೆಯಲಿಲ್ಲ ಎನ್ನುವುದನ್ನು ಅವರು ನನಗೆ ಹೇಳಿದ್ದಾರೆ. ಪ್ಯಾರಿಸ್ಸಿನ ಕಾಗದದಲ್ಲಿ ಅದಾವುದೂ ಇಲ್ಲ. ನಿಮ್ಮ ನೆನಪುಗಳನ್ನು ಮೊಮ್ಮಗಳ ಕೈಲಿ ಬರೆಸಿಡಿ ಕಾಕಾ, ಇವತ್ತೇ ಶುರುಮಾಡಿ.

ಆಮೇಲೆ ಆ ಇಬ್ಬರೂ ನಮ್ಮ ಶಾಲೆಯೊಳಗೇ ಬಂದರು. ನಾನು ಪ್ರೈಮರಿಯಲ್ಲಿದ್ದಾಗ, 1960ರ ದಶಕದಲ್ಲಿ, ಮಧ್ಯಾಹ್ನ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ಕೊಡುತ್ತಿದ್ದರು. ಅದು ಅಮೆರಿಕದ್ದು. ಪುಸ್ತಕಕ್ಕೆ ರಟ್ಟು ಹಾಕಲು ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ಹಾಳೆಯೇ ಬೇಕು, ನುಣುಪಾದ ದಪ್ಪ ಕಾಗದ, ಬಣ್ಣದ ಚಿತ್ರ. ಅದು ರಷ್ಯದ್ದು. ಗಣಿತದ ಪುಸ್ತಕದ ಮೇಲೆ ಗಗಾರಿನ್ ಇದ್ದ, ಹೊಟ್ಟೆಯಲ್ಲಿ ಅಮೆರಿಕದ ಗೋಧಿ ಇತ್ತು. ಮಕ್ಕಳಾದ ನಮಗೆ ಎರಡೂ ಇಷ್ಟ. ದೊಡ್ಡವಳಾಗಿ ಓದಿದಾಗ ಗೊತ್ತಾಯಿತು: 1965–66ರ ಬರದಲ್ಲಿ ಭಾರತ ವರ್ಷಕ್ಕೆ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ತರಿಸಬೇಕಾಗಿ ಬಂತು, ಹೆಚ್ಚಿನದು ಪಿಎಲ್ 480 ಎಂಬ ಆಹಾರ ನೆರವಿನ ಕಾನೂನಿನಡಿ ಅಮೆರಿಕದಿಂದ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅಧ್ಯಕ್ಷ ಜಾನ್ಸನ್‌ಗೆ ಸಿಟ್ಟು ತರಿಸಿತ್ತು, ಗೋಧಿಯನ್ನು ಅವರು ಸ್ವಲ್ಪಸ್ವಲ್ಪವಾಗಿ ಸಡಿಲಿಸುತ್ತಿದ್ದರು. ಹಸಿದ ದೇಶದ ತಟ್ಟೆಯನ್ನು ಹಿಡಿದೆಳೆಯುವ ಆ ರಾಜಕೀಯವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮಕ್ಕಳಿಗೆ ಊಟ ಕೊಟ್ಟದ್ದನ್ನೂ ಮರೆತಿಲ್ಲ. ಭಿಲಾಯಿ ಉಕ್ಕಿನ ಕಾರ್ಖಾನೆ ಕಟ್ಟಲು ನೆರವಾದದ್ದು, 1971ರಲ್ಲಿ ಬೆನ್ನಿಗೆ ನಿಂತದ್ದು ಸೋವಿಯತ್ ಒಕ್ಕೂಟ. ಅದೇ ಒಕ್ಕೂಟ 1956ರಲ್ಲಿ ಹಂಗೇರಿಯ ಮೇಲೆ ಟ್ಯಾಂಕು ಹರಿಸಿದಾಗ ನಮ್ಮ ಸರ್ಕಾರ ಖಂಡಿಸಲು ತಡಮಾಡಿದ್ದೂ ಖರೆ.

ಪ್ರಶ್ನೆ: ಮೂರನೇ ಮಹಾಯುದ್ಧ ಆದರೆ ಯಾರು ಮಹಾಶಕ್ತಿ ಆಗುತ್ತಾರೆ? ಅಮೆರಿಕವೋ ಚೀನಾವೋ? (ಕಾಲೇಜು ವಿದ್ಯಾರ್ಥಿ, ಆಳಂದ)

ಕ್ರಿಕೆಟ್ ಪಂದ್ಯದ ಹಾಗೆ ಇದನ್ನು ಕೇಳಬೇಡಪ್ಪ. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಚಾರಕ್ಕೆ ಹದಿಮೂರು ದಿನ ಜಗತ್ತು ಉಸಿರು ಬಿಗಿಹಿಡಿದಿತ್ತು. ಅಂಥ ಯುದ್ಧ ಆಗಿದ್ದರೆ ಆಮೇಲೆ ಯಾರೂ ಮಹಾಶಕ್ತಿಯಾಗಿ ಎದ್ದು ನಿಲ್ಲುತ್ತಿರಲಿಲ್ಲ. ಮಹಾಶಕ್ತಿಯಾಗಲು ಯುದ್ಧ ಬೇಕೇ ಬೇಕು ಎಂದೂ ಇಲ್ಲ. ಚೀನಾ ಬೆಳೆದದ್ದು 1978ರ ಆರ್ಥಿಕ ಸುಧಾರಣೆಯಿಂದ, 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ್ದರಿಂದ, ಶಾಲೆ, ರಸ್ತೆ, ಬಂದರು, ಕಾರ್ಖಾನೆಗಳಿಂದ. ಅದನ್ನು ಓದು.

ಪ್ರಶ್ನೆ: ಈ ಇಬ್ಬರ ನಡುವೆ ನಮ್ಮ ಕರ್ನಾಟಕದವರು ಯಾರಾದರೂ ಪಾತ್ರ ವಹಿಸಿದ್ದರೇ? (ಗೃಹಿಣಿ, ಗುರುಮಠಕಲ್)

ವಹಿಸಿದ್ದರು, ನಮ್ಮ ಪಠ್ಯಗಳಲ್ಲಿ ಅವರಿಗೆ ಸಾಕಷ್ಟು ಜಾಗ ಸಿಕ್ಕಿಲ್ಲ ಎನ್ನುವ ಕೊರಗು ನನಗಿದೆ. 1945ರ ಆಗಸ್ಟ್‌ನಲ್ಲಿ ಅಮೆರಿಕದ ಇಬ್ಬರು ಸೇನಾಧಿಕಾರಿಗಳು ನಕಾಶೆಯ ಮೇಲೆ 38ನೇ ಅಕ್ಷಾಂಶಕ್ಕೆ ಬೆರಳಿಟ್ಟು ಕೊರಿಯಾವನ್ನು ಎರಡು ಮಾಡಿದರು. ಮೇಲಿನದು ಸೋವಿಯತ್ ಸೈನ್ಯಕ್ಕೆ, ಕೆಳಗಿನದು ತಮ್ಮ ಸೈನ್ಯಕ್ಕೆ. ಐದು ವರ್ಷದಲ್ಲಿ ಅಲ್ಲಿ ಯುದ್ಧ ಎದ್ದಿತು. 1953ರಲ್ಲಿ ಕದನವಿರಾಮ ಆದಾಗ ಊರಿಗೆ ಮರಳಲು ಒಲ್ಲೆನೆಂದ ಕೈದಿಗಳ ಪ್ರಶ್ನೆ ಉಳಿಯಿತು, ಸುಮಾರು 23,000 ಜನ. ಎರಡೂ ಬಣ ಒಪ್ಪುವ ಮಧ್ಯಸ್ಥರು ಬೇಕಿತ್ತು. ಭಾರತವನ್ನು ಕರೆದರು. ಆ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಬಲವಂತವಾಗಿ ಯಾವ ಕಡೆಗೂ ತಳ್ಳಬಾರದು ಎಂಬುದು ಒಪ್ಪಂದದ ಮಾತು. ಎರಡೂ ಕಡೆಯವರು ಭಾರತದ ಮೇಲೆ ಪಕ್ಷಪಾತದ ಆರೋಪ ಹೊರಿಸಿದರು, ತಿಮ್ಮಯ್ಯ ಒಪ್ಪಂದಕ್ಕೆ ಅಂಟಿಕೊಂಡರು. ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾವೂ ಬೇಡ, ತೈವಾನೂ ಬೇಡ ಎಂದ ಎಂಬತ್ತಕ್ಕೂ ಹೆಚ್ಚು ಮಂದಿಯನ್ನು 1954ರಲ್ಲಿ ನಮ್ಮ ಸೈನಿಕರು ಹಡಗಿನಲ್ಲಿ ಭಾರತಕ್ಕೇ ಕರೆತಂದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋಗಿ ನೆಲೆಸಿದರು, ಕೆಲವರು ಇಲ್ಲೇ ಉಳಿದರು. ತಿಮ್ಮಯ್ಯ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸುತ್ತಿರುವಾಗಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಮಕ್ಕಳನ್ನು ಕೊಡಗಿಗೆ ಪ್ರವಾಸ ಕರೆದುಕೊಂಡು ಹೋದಾಗ ಅಲ್ಲಿಗೂ ಹೋಗಿಬನ್ನಿ.